ಎರಡು ‘ಬೇಡ’ ಕಳೆದ ಮೇಲೆ

ಡೀಲಿಯಾ ಹುಟ್ಟಿದ್ದು ಐರ್ಲೆಂಡಿನ ಪಡುಗಡಲಿಗೆ ಅಂಟಿಕೊಂಡ ಕ್ಲೇರ್ ಸೀಮೆಯಲ್ಲಿ. ಅಲ್ಲಿ ಯಾರು ಏನು ಕೊಟ್ಟರೂ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಕೈಚಾಚುವುದು ಮರ್ಯಾದೆ. ಅವಳ ಅಜ್ಜನ ತಮ್ಮ ಬಾವಿಗೆ ಬಿದ್ದಾಗ, ಮೇಲಿನಿಂದ ಹಗ್ಗ ಇಳಿಬಿಟ್ಟವರಿಗೆ ‘ಅಯ್ಯೋ, ನಿಮಗ್ಯಾಕೆ ಸುಮ್ನೆ ತೊಂದ್ರೆ’ ಎಂದು ಒಮ್ಮೆ, ‘ಇರ್ಲಿ ಬಿಡಿ, ನೀರು ಬೆಚ್ಚಗೇ ಇದೆ’ ಎಂದು ಇನ್ನೊಮ್ಮೆ ಹೇಳಿ, ಮೂಗಿನವರೆಗೆ ಮುಳುಗಿದ ಮೇಲೆ ಹಗ್ಗ ಹಿಡಿದನಂತೆ. ಊರು ಇಂದಿಗೂ ಅವನನ್ನು ಸಂಭಾವಿತನೆಂದೇ ನೆನೆಯುತ್ತದೆ.

ಇಂಥ ವಂಶದವಳು ಕಟ್ಟಿಕೊಂಡದ್ದು ಬಡಗಣ ತುದಿಯ ಆಂಟ್ರಿಮ್‌ನ ನಾರ್ಮನ್‌ನನ್ನು. ಆ ಕಡೆಯವರ ಮಾತು ಗೋಡೆಗೆ ಮೊಳೆ ಹೊಡೆದಂತೆ. ಮದುವೆಯ ದಿನ ಪಾದ್ರಿ ‘ಈಕೆಯನ್ನು ಒಪ್ಪುವೆಯಾ’ ಎಂದು ಕೇಳಿದ್ದಕ್ಕೆ ನಾರ್ಮನ್, ‘ಒಪ್ಪದೆ ಇದ್ರೆ ಇಷ್ಟು ದೂರ ಕಾರ್ ಓಡಿಸ್ಕೊಂಡು ಬರ್ತಿದ್ನಾ?’ ಎಂದು ಮರುಪ್ರಶ್ನೆ ಹಾಕಿದ್ದ. ಬಂದರಿನಲ್ಲಿ ಹಡಗಿನ ಹೊಟ್ಟೆಯೊಳಗೆ ಲಾರಿಗಳನ್ನು ಒಂದಿಂಚೂ ಬಿಡದಂತೆ ಒತ್ತಿ ನಿಲ್ಲಿಸುವುದು ಅವನ ಕೆಲಸ. ರಜೆಯ ದಿನಗಳನ್ನೂ ಅವನು ಹಾಗೆಯೇ ತುಂಬುತ್ತಿದ್ದ. ಒಂದು ಕೋಟೆ, ಅದರ ಬೆನ್ನಿಗೊಂದು ಗುಹೆ, ಸಂದಿನಲ್ಲೊಂದು ಪಾಳುಬಿದ್ದ ಮಠ, ಉಸಿರಾಡಲು ಜಾಗವಿದ್ದರೆ ಅಲ್ಲೊಂದು ಪುಣ್ಯಬಾವಿ.

ಡೀಲಿಯಾ ಶಾಲೆಯೊಂದರ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸುತ್ತಿದ್ದಳು. ಅವಳು ಇಷ್ಟು ವರ್ಷ ಬೇಯಿಸಿದ್ದನ್ನು ರಾಶಿ ಹಾಕಿದ್ದರೆ ಕ್ಲೇರಿನ ಯಾವ ಗುಡ್ಡವೂ ತಲೆಯೆತ್ತುತ್ತಿರಲಿಲ್ಲ. ಮನೆಗೆ ಬಂದು, ಕೋಟುಗಳ ಬೀರುವಿನೊಳಗೆ ಹೊಕ್ಕು ಬಾಗಿಲೆಳೆದುಕೊಂಡು, ಅಜ್ಜಿಯ ಕಾನ್ಸರ್ಟೀನಾ ನುಡಿಸುವಳು. ಎರಡೂ ಅಂಗೈ ನಡುವೆ ಹಿಗ್ಗಿ ಕುಗ್ಗುವ, ಆರು ಮೂಲೆಯ ಪುಟ್ಟ ತಿದಿಪೆಟ್ಟಿಗೆ ಅದು. ಅವಳ ಆಸೆ ಇದ್ದದ್ದು ಒಂದೇ. ತವರಿನ ಕಿಲ್‌ಕ್ಲೂನ್ ಹಳ್ಳಿಯ ಪಬ್ಬಿನಲ್ಲಿ ಬುಧವಾರದ ಮಧ್ಯಾಹ್ನ ವಾದ್ಯದವರು ಸುತ್ತು ಕೂರುತ್ತಾರಲ್ಲ, ಆ ಸುತ್ತಿನೊಳಗೆ ಕೂತು ನುಡಿಸಬೇಕು. ಅಜ್ಜಿ ಕೂರುತ್ತಿದ್ದ ಸುತ್ತು ಅದು. ಅಲ್ಲಿ ಕರೆಯದೆ ಯಾರೂ ಕೂರುವಂತಿಲ್ಲ. ಕರೆದರಂತೂ ಬಿಷಪ್ ಪದವಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಆದರೆ ವರ್ಷವರ್ಷವೂ ನಾರ್ಮನ್ನನ ರಜೆಯಲ್ಲಿ ಕಿಲ್‌ಕ್ಲೂನ್‌ಗೆ ಸಿಗುತ್ತಿದ್ದದ್ದು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು.

ಈ ಆಗಸ್ಟಿನಲ್ಲಿ ಅವಳು ಜಗಳವಾಡಿ ಒಂದಿಡೀ ಮಧ್ಯಾಹ್ನ ಗೆದ್ದುಕೊಂಡಿದ್ದಳು. ಅದಕ್ಕೆ ಬೆಳಿಗ್ಗೆ ಮೊಹೆರ್ ಎಂಬಲ್ಲಿನ ಕಡಲಂಚಿನ ಕಡಿಬಂಡೆಗಳನ್ನು ನೋಡುವ ದಂಡ ತೆರಬೇಕಾಯಿತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಡಲಹಕ್ಕಿಗಳು ಹಾರುವುದನ್ನು ಬಿಟ್ಟು ನಡೆದುಕೊಂಡು ಹೋಗುತ್ತಿದ್ದವು.

‘ಅಪ್ಪಾ, ಇದೇ ಮಂಜನ್ನ ನಮ್ಮ ಹಿತ್ತಲಲ್ಲೇ ನೋಡ್ಬಹುದಿತ್ತು’ ಎಂದಳು ಹದಿನೈದರ ಮಗಳು ಹೇಝಲ್.

ನಾರ್ಮನ್ ಫಲಕಕ್ಕೆ ಮೂಗು ತಾಗಿಸಿ ಓದಿದ. ‘ಇನ್ನೂರು ಮೀಟರ್ ಎತ್ತರ ಅಂತ ಬರ್ದಿದೆ. ನೋಡಿದ ಹಾಗೇ ಲೆಕ್ಕ. ನಡೀರಿ.’

ಪಬ್ಬಿನಲ್ಲಿ ಸುತ್ತು ಆಗಲೇ ಕೂತಿತ್ತು. ಡೀಲಿಯಾ ಪಕ್ಕದ ಮೇಜಿಗೆ ಕೂತು, ಕಾನ್ಸರ್ಟೀನಾದ ಚೀಲವನ್ನು ಕಾಲ ಕೆಳಗೆ ಅರ್ಧ ಅಡಗಿಸಿ, ಅರ್ಧ ಕಾಣುವಂತೆ ಇಟ್ಟಳು. ಅದೂ ಒಂದು ವಿದ್ಯೆ. ಸುತ್ತಿನ ಹಿರಿಯ, ಕೊಳಲಿನ ಸೋನಿ ಲಿನ್ನೇನ್, ಕುಣಿತದ ಎರಡು ಗತ್ತು ನುಡಿಸಿ ಮುಗಿಸಿ ಅವಳತ್ತ ತಿರುಗಿದ.

‘ಏನಮ್ಮಾ ಡೀಲಿಯಾ, ಬಾ, ಒಂದು ನುಡ್ಸು.’

‘ಅಯ್ಯೋ, ನನ್ನ ಬೆರಳೆಲ್ಲ ಸೌದೆ ಆಗಿವೆ, ಸೋನಿ.’

‘ನಮ್ಮ ಬೆರಳೇನು ಬೆಣ್ಣೇನಾ? ಬಾರಮ್ಮ.’

‘ಇಲ್ಲಪ್ಪ, ನೀವು ನುಡಿಸ್ತಾ ಇರೋವಾಗ ನಾನ್ಯಾಕೆ ನಡುವೆ.’

ಎರಡಾಯಿತು. ಸೋನಿ ಮೂರನೆಯದಕ್ಕೆ ಉಸಿರೆಳೆದುಕೊಂಡ. ಡೀಲಿಯಾಳ ಕೈ ಚೀಲದ ದಾರದ ಮೇಲಿತ್ತು. ಆಗ ನಾರ್ಮನ್ ಗಂಟಲು ಸರಿಮಾಡಿಕೊಂಡು, ಹೆಂಡತಿಯ ಮಾನ ಕಾಯುವ ಗಂಡನ ದನಿಯಲ್ಲಿ ಹೇಳಿದ: ‘ಬೇಡ ಅಂತಿದಾಳಲ್ಲ ಸ್ವಾಮಿ, ಬಿಟ್ಬಿಡಿ ಪಾಪ.’

ಸೋನಿ ಎಳೆದುಕೊಂಡ ಉಸಿರನ್ನು ಕೊಳಲಿಗೆ ಬಿಟ್ಟ. ಗಂಡನೇ ತಡೆದ ಮೇಲೆ ಮತ್ತೆ ಕೇಳುವುದು ಒರಟುತನ. ಡೀಲಿಯಾ ಮೇಜಿನ ಮೇಲೆ ತಾಳ ಹಾಕಿದಳು, ಚೀಲವನ್ನು ಕಾಲಿನಿಂದ ಮುಂದಕ್ಕೆ ನೂಕಿದಳು, ನೆರೆಯೂರಿನ ಗಾಳಿಯಂತ್ರ ತಿರುಗುವಷ್ಟು ಜೋರಾಗಿ ನಿಟ್ಟುಸಿರು ಬಿಟ್ಟಳು.

‘ಬೇಜಾರಾಗ್ತಿದೆಯಾ?’ ಎಂದ ನಾರ್ಮನ್ ಅಕ್ಕರೆಯಿಂದ. ‘ಹತ್ತಿರದಲ್ಲೇ ಒಂದು ಗುಹೆ ಇದೆ.’

ಅವಳು ಅವನ ತೋಳು ಹಿಡಿದು ಹೊರಗೆ ಕಾರಿನ ಹತ್ತಿರ ಎಳೆದುಕೊಂಡು ಹೋದಳು.

‘ಯಾರು ನಿನ್ನ ಬಾಯಿ ಹಾಕು ಅಂದಿದ್ದು? ಇನ್ನೊಂದ್ಸಲ ಕೇಳ್ತಿದ್ದ ಅವನು!’

‘ನೀನು ಬೇಡ ಅಂದ್ಯಲ್ಲ?’

‘ಅಂದೆ.’

‘ಬೇಕಿತ್ತಾ?’

‘ಬೇಕಿತ್ತು! ಹನ್ನೆರಡು ತಿಂಗಳು ಬೀರುವೊಳಗೆ ಕೂತು ನುಡಿಸಿದ್ದು ನಿನ್ನ ಕೋಟುಗಳು ಕೇಳ್ಲಿ ಅಂತಾನಾ?’

‘ಮತ್ತೆ ಬೇಕು ಅನ್ನೋಕೇನು ಕಷ್ಟ?’

‘ಕರೆದ ಕೂಡ್ಲೇ ಹಾರಿ ಹೋಗೋಕೆ ನಾನೇನು ಬಿಟ್ಟಿ ಬಿದ್ದಿದೀನಾ?’

ನಾರ್ಮನ್ನನ ಮುಖದಲ್ಲಿ ಇಪ್ಪತ್ತು ವರ್ಷದ ಸಂಸಾರ ಒಂದೊಂದಾಗಿ ತಲೆಕೆಳಗಾಗುತ್ತಿತ್ತು. ‘ಹಾಗಾದ್ರೆ... ಹೋದ ಕ್ರಿಸ್‌ಮಸ್‌ಗೆ ನನಗೇನೂ ತರಬೇಡ ಅಂದಿದ್ಯಲ್ಲ...’

‘ಈಗ ಹೊಳೀತಾ ದೊರೆಗೆ?’

ಹೊಳೆದದ್ದೇ ತಡ, ಅವನು ದಡದಡ ಒಳನಡೆದ. ಅವಳು ‘ನಾರ್ಮನ್, ಬೇಡ!’ ಎಂದು ಕೂಗಿದಳು. ಆದರೆ ಆ ‘ಬೇಡ’ಕ್ಕೆ ಈಗ ಯಾವ ಬೆಲೆ? ಸುತ್ತಿನ ನಡುವೆ ನಿಂತು ಅವನು ಹಡಗುಕಟ್ಟೆಯ ದನಿಯಲ್ಲಿ ಸಾರಿದ: ‘ನನ್ನ ಹೆಂಡ್ತಿಗೆ ನುಡಿಸೋ ಆಸೆ ಇದೆ. ಸುಮ್ನೆ ಬೇಡ ಅಂದಿದ್ದಂತೆ. ಇನ್ನೊಂದ್ಸಲ ಕೇಳಿ.’

ಗತ್ತು ನಡುವೆಯೇ ನಿಂತಿತು. ಪಿಟೀಲಿನವನು ಕಮಾನನ್ನು ಗಾಳಿಯಲ್ಲೇ ಹಿಡಿದ. ಬಾಗಿಲಲ್ಲಿ ನಿಂತ ಡೀಲಿಯಾ ಭೂಮಿ ಬಾಯಿ ಬಿಡಲೆಂದು ಕಾದಳು. ಕ್ಲೇರಿನ ಭೂಮಿ, ಅದೂ ಮೂರು ಸಲ ಕೇಳಿಸಿಕೊಳ್ಳದೆ ಬಾಯಿ ಬಿಡುವುದಲ್ಲ. ಅವಳು ತಲೆತಗ್ಗಿಸಿ ತನ್ನ ಜಾಗಕ್ಕೆ ಬಂದು ಕೂತಳು.

ಸೋನಿ ಕೊಳಲನ್ನು ಒರೆಸಿದ, ಕಿಟಕಿ ನೋಡಿದ, ‘ಮಂಜು ಕರಗ್ತಾ ಇದೆ’ ಎಂದ. ಆಮೇಲೆ, ಲೋಕದಲ್ಲಿ ಇನ್ನೂ ಯಾರೂ ಏನೂ ಮಾತಾಡಿಲ್ಲವೆಂಬಂತೆ ತಿರುಗಿ, ‘ಅರೆ, ಡೀಲಿಯಾ! ಬಾರಮ್ಮ, ಒಂದು ನುಡ್ಸು’ ಎಂದ.

ಅವಳ ಬಾಯಿ ಅವಳ ಮಾತು ಕೇಳಲಿಲ್ಲ. ‘ಅಯ್ಯೋ, ನಂಗೆ ಎಲ್ಲಾ ಮರ್ತೇ ಹೋಗಿದೆ’ ಎಂದಿತು.

ನಾರ್ಮನ್ ಬಾಯಿ ತೆರೆದ. ಹೇಝಲ್ ಅವನ ಪಾದದ ಮೇಲೆ ತನ್ನ ಬೂಟು ಊರಿ, ‘ಅಪ್ಪಾ, ಒಂದಕ್ಷರ ಆಡಿದ್ರೆ ಇನ್ನೊಂದು ಕಾಲೂ ಹೋಯ್ತು’ ಎಂದಳು.

‘ಮರೆತಿದ್ರೆ ಒಳ್ಳೇದೇ ಆಯ್ತು, ತಪ್ಪು ನುಡಿಸಿದ್ರೂ ಹೊಸದು ಅಂತೀವಿ’ ಎಂದ ಸೋನಿ.

‘ಬೇರೆಯವರು ನುಡಿಸ್ಲಿ ಬಿಡಿ.’

ಮಾತು ತಡೆದು ತಡೆದು ನಾರ್ಮನ್ ಬೀಟ್‌ರೂಟಿನ ಬಣ್ಣ ದಾಟಿ, ಇನ್ನೂ ಹೆಸರಿಡದ ಒಂದು ಬಣ್ಣಕ್ಕೆ ತಿರುಗಿದ್ದ.

‘ನೋಡು, ನಿಮ್ಮಜ್ಜಿ ಕುರ್ಚೀಲಿ ಈಗ ಬೆಕ್ಕು ಮಲಗುತ್ತೆ. ಅದಕ್ಕೆ ತಾಳಜ್ಞಾನವೇ ಇಲ್ಲ’ ಎಂದ ಸೋನಿ.

‘ಹೂಂ, ಇಷ್ಟು ಪೀಡಿಸಿದ್ರೆ ಏನು ಮಾಡೋದು’ ಎಂದು ಡೀಲಿಯಾ ಗೊಣಗಿದಳು. ಗೊಣಗು ಮುಗಿಯುವ ಮೊದಲೇ ಬೆಕ್ಕು ನೆಲದ ಮೇಲಿತ್ತು, ಅವಳು ಕುರ್ಚಿಯ ಮೇಲಿದ್ದಳು. ಗತ್ತಿನ ಮೊದಲ ಆವರ್ತದಲ್ಲಿ ಬೆರಳು ಎರಡು ಕಡೆ ಜಾರಿತು. ಕೊಳಲು ಪಕ್ಕಕ್ಕೆ ಬಂದು ಆ ಜಾರಿಕೆಯನ್ನು ಮುಚ್ಚಿಕೊಂಡಿತು. ಆಮೇಲೆ ತಿದಿ ತಾನೇ ಉಸಿರಾಡತೊಡಗಿತು. ಕೂತವರ ಕಾಲುಗಳು ಮೇಜಿನ ಕೆಳಗೆ ಕುಣಿಯತೊಡಗಿದವು.

ಆಗ ಪಬ್ಬಿನ ಒಡತಿ ಚಹಾ, ಹಂದಿಮಾಂಸದ ಸ್ಯಾಂಡ್‌ವಿಚ್ ಇಟ್ಟ ತಟ್ಟೆ ಹಿಡಿದು ಬಂದಳು. ಬೆಳಿಗ್ಗೆಯಿಂದ ಮಂಜು ಬಿಟ್ಟು ಬೇರೇನೂ ನುಂಗಿರದ ನಾರ್ಮನ್ನನ ಮುಂದೆ ತಟ್ಟೆ ಹಿಡಿದಳು. ಅವನು, ಹೊಸ ವಿದ್ಯೆ ಕಲಿತವನ ಹೆಮ್ಮೆಯಿಂದ, ಅಂಗೈ ಎತ್ತಿ, ‘ಅಯ್ಯೋ, ಬೇಡ’ ಎಂದ.

‘ಹೌದ್ಹೌದು, ನೀವು ನೇರ ಮಾತಿನೋರು. ನಿಮ್ಮನ್ನ ಬಲವಂತ ಮಾಡಬಾರ್ದು’ ಎಂದು ಅವಳು ಮುಂದಿನ ಮೇಜಿಗೆ ಹೋದಳು.

ಡೀಲಿಯಾ ಎಲ್ಲವನ್ನೂ ಕುರ್ಚಿಯಿಂದಲೇ ನೋಡಿದಳು. ಅವನು ಬೆನ್ನು ನೆಟ್ಟಗೆ ಮಾಡಿ, ಸಭ್ಯತೆಯ ಮುಗುಳುನಗೆ ಹೊತ್ತು, ಎರಡನೆಯ ಕರೆಗಾಗಿ ಕಾಯುತ್ತಿದ್ದ. ತಟ್ಟೆ ಕೋಣೆಯೆಲ್ಲ ಸುತ್ತಿ ಖಾಲಿಯಾಗುತ್ತಿತ್ತು. ಈ ಮನುಷ್ಯನನ್ನು ಯಾವ ಗೋಡೆಗೆ ಜಜ್ಜುವುದು! ಒಂದು ಮಾತು ಕೂಗಿದ್ದರೆ ಸಾಕಿತ್ತು. ಆದರೆ ಕೂಗಬೇಕಾದರೆ ಗತ್ತು ನಿಲ್ಲಿಸಬೇಕು. ಕೈಗಳೆರಡೂ ತಿದಿಯಲ್ಲಿದ್ದವು. ಗತ್ತು ಕೊನೆಯ ತಿರುವಿಗೆ ಬಂದಿತ್ತು.

ಸೋನಿ ಕೊಳಲಿನ ಮೇಲಿಂದ ಹುಬ್ಬೆತ್ತಿ ನೋಡಿದ. ಇನ್ನೊಂದು?

ಡೀಲಿಯಾ ಆ ಮೊದಲ ಸಲಕ್ಕೇ ಹೂಂ ಎಂದು ತಲೆಯಾಡಿಸಿ, ಮುಂದಿನದನ್ನು ಶುರು ಮಾಡಿದಳು.