ಹೊಟ್ಟೆಗೆ ಕಟ್ಟಿದ ಪಟ್ಟಿ

ತಮ್ಮ ಕೊಟ್ರೇಶನ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವಳು ನಾನು. ಹಗರಿಬೊಮ್ಮನಹಳ್ಳಿಯಲ್ಲಿ ನನ್ನದು ಟೇಲರಿಂಗ್ ಅಂಗಡಿ. ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ ಅವನು ನನ್ನ ಮಿಷನ್ನಿನ ಮೋಟರ್ ನೋಡಲು ಬಂದಿದ್ದ. ದಿನವಿಡೀ ಬಟ್ಟೆಗೆ ದಾರದ ಬಣ್ಣ ಹೊಂದಿಸುವವಳ ಕಣ್ಣು ಇದು, ತಪ್ಪುವುದಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು.

ಕಾಮಾಲೆ ಎಂದುಕೊಂಡೆವು.

ಲಿವರ್ ಪೂರ್ತಿ ಹೋಗಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಟ್ರಾನ್ಸ್‌ಪ್ಲಾಂಟ್ ಒಂದೇ ದಾರಿ ಎಂದರು. ಅವನ ಹೆಂಡತಿಯ ಬ್ಲಡ್ ಗ್ರೂಪ್ ಹೊಂದಲಿಲ್ಲ. ಅವ್ವನಿಗೆ ವಯಸ್ಸಾಗಿತ್ತು. ಲಿವರಿನ ತುಂಡು ಕೊಡಲು ಉಳಿದವಳು ನಾನು. ಜನ ತ್ಯಾಗ ಗೀಗ ಎಂದರು. ಬೇರೆ ಯಾರೂ ಇರಲಿಲ್ಲ, ಅಷ್ಟೆ.

ಸರ್ಜನ್ ನನ್ನ ಸ್ಕ್ಯಾನ್ ತೋರಿಸಿ ವಿವರಿಸಿದರು. ಲಿವರಿನ ತುಂಡು ಕೂಡಿಸುವುದಕ್ಕಿಂತ ಪಿತ್ತನಾಳ ಕೂಡಿಸುವುದೇ ಹೆಚ್ಚು ತಲೆನೋವಂತೆ. ಕಡ್ಡಿಯಷ್ಟು ಸಣ್ಣ ನಾಳ. ಸೋರಬಹುದು, ಮುಂದೆ ಕಿರಿದಾಗಿ ಕಟ್ಟಿಕೊಳ್ಳಲೂಬಹುದು. ಅದಕ್ಕೇ ನಾಳ ಎಲ್ಲಿ ಕವಲಾಗುತ್ತದೆಂದು ಮೊದಲೇ ನೋಡಿಟ್ಟುಕೊಳ್ಳುತ್ತಾರೆ, ಕತ್ತರಿಸುವಾಗ ಸುತ್ತಲಿನ ಪೊರೆಯನ್ನು ಸುಲಿಯದೆ ಬಿಡುತ್ತಾರೆ, ಯಾಕೆಂದರೆ ನಾಳಕ್ಕೆ ರಕ್ತ ಬರುವುದು ಅದರಿಂದಲೇ. ಹೊಲಿಗೆಯ ಮೇಲೆ ಒತ್ತಡ ಬೀಳದಂತೆ ಸಣ್ಣದೊಂದು ಟ್ಯೂಬ್ ಇಟ್ಟು, ಕೆಲವು ವಾರ ಪಿತ್ತ ಹೊರಗಿನ ಚೀಲಕ್ಕೆ ಇಳಿಯುವಂತೆ ಮಾಡುತ್ತಾರೆ. ನನಗೆಲ್ಲ ಅರ್ಥವಾಯಿತು. ಅಂಚಿಗೆ ಬಟ್ಟೆ ಬಿಡದೆ ಕತ್ತರಿಸಿದರೆ, ಎಳೆದು ಹೊಲಿದರೆ, ಹೊಲಿಗೆ ನಿಲ್ಲುವುದಿಲ್ಲ. "ಇದು ನನಗ ಗೊತ್ತಿರೋ ಕೆಲಸಾರಿ ಸರ್" ಎಂದೆ. ಅವರು ನಕ್ಕರು.

ಆಪರೇಷನ್ ಆಯಿತು. ನೋವಿನ ಬಗ್ಗೆ ಬರೆಯುವುದಿಲ್ಲ. ಕೆಮ್ಮು ಬಂದರೆ ಜೀವ ಬಾಯಿಗೆ ಬರುತ್ತಿತ್ತು.

ಊರಿಗೆ ಮರಳುವಾಗ ಕೊಟ್ರೇಶನ ಹೊಟ್ಟೆಯಿಂದ ಟ್ಯೂಬು, ಅದರ ತುದಿಗೆ ಚೀಲ. ದಿನವೂ ಪಿತ್ತ ಅಳೆದು ಆಸ್ಪತ್ರೆಗೆ ಫೋನ್ ಮಾಡಬೇಕು. ಆ ಕೆಲಸ ನನ್ನದಾಯಿತು. ನಮ್ಮ ಕಡೆ ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆ ಬಿಗಿದು ಕಟ್ಟುತ್ತಾರೆ, ಇಲ್ಲದಿದ್ದರೆ ಒಳಗೆ ಗಾಳಿ ಸೇರುತ್ತದೆಂದು. ಹೊಟ್ಟೆ ಕೊಯ್ಸಿಕೊಂಡ ನಾವಿಬ್ಬರೂ ಅವ್ವನ ಪಾಲಿಗೆ ಬಾಣಂತಿಯರೇ. ನನಗೆ ಕಟ್ಟಿದಳು. ಹಾಯೆನಿಸಿತು. ಮತ್ತೇನು, ಅವಳದೇ ಮೆತ್ತನೆಯ ಸೀರೆ ಹರಿದು, ಮೂರು ಪದರ ಮಾಡಿ, ಲಾಡಿ ಹಚ್ಚಿ, ಪಿತ್ತದ ಚೀಲಕ್ಕೊಂದು ಜೇಬೂ ಇಟ್ಟು ತಮ್ಮನಿಗೆ ಪಟ್ಟಿ ಹೊಲಿದು ಕಟ್ಟಿದೆ. ಅಳತೆ ಚೆಂದ ಕೂತಿತ್ತು. ಆಸ್ಪತ್ರೆಯವರನ್ನು ಒಂದು ಮಾತು ಕೇಳಲಿಲ್ಲ.

ಮೂರನೇ ದಿನ ಚೀಲ ಅರ್ಧವೇ ತುಂಬಿತು. ಮರುದಿನ ತಳದಲ್ಲಿ ಸ್ವಲ್ಪ.

"ಕಡಿಮಿ ಆಗಾಕತ್ತೈತಿ ನೋಡು, ಒಳಗ ಮಾಯಾಕತ್ತೈತಿ" ಎಂದಳು ಅವ್ವ. ನಾನೂ ಹಾಗೇ ನಂಬಿದೆ. ದಿನಾ ಅಳೆದು, ಬರೆದು, ಫೋನು ಮಾಡಿ, ಗಾಯ ಒರೆಸಿ, ಮಾತ್ರೆ ಎಣಿಸಿ, ನನ್ನ ಹೊಟ್ಟೆಯನ್ನೇ ನಾನು ಹಿಡಿದುಕೊಂಡು ನಡೆಯುತ್ತಿದ್ದವಳಿಗೆ ನಂಬಲು ಅಷ್ಟು ಸಾಕಿತ್ತು. ಒಳ್ಳೆಯ ಸುದ್ದಿಗೆ ಫೋನ್ ಯಾಕೆಂದು ಎರಡು ದಿನ ಬಿಟ್ಟೆ.

ಐದನೇ ದಿನ ಅವನಿಗೆ ಚಳಿಜ್ವರ ಬಂತು.

ಅವತ್ತೇ ಕಾರು ಮಾಡಿಕೊಂಡು ಬೆಂಗಳೂರಿಗೆ ಕರೆದೊಯ್ದೆವು. ಡಾಕ್ಟರು ಪಟ್ಟಿ ಬಿಚ್ಚಿದರು. ಅದರಡಿ ಟ್ಯೂಬು ಮಡಚಿಕೊಂಡು ಚಪ್ಪಟೆಯಾಗಿತ್ತು. ಹೊರಗೆ ಬರಲಾರದ ಪಿತ್ತ, ಅವರು ಅಷ್ಟು ಜೋಪಾನವಾಗಿ ಹಾಕಿದ್ದ ಹೊಲಿಗೆಯ ಸಂದಿನಿಂದ ಹೊಟ್ಟೆಯೊಳಗೆ ಸೋರಿತ್ತು. ಇದನ್ನು ಯಾರು ಕಟ್ಟಿದ್ದು ಎಂದು ಕೇಳಿದರು. ಅವ್ವ ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದಳು.

"ನಾನೇ ಕಟ್ಕಂಡೇನ್ರಿ ಸರ್" ಎಂದ ಕೊಟ್ರೇಶ, ನಡುಗುತ್ತಲೇ.

"ಸುಳ್ಳು ಹೇಳ್ತಾನ್ರಿ. ಹೊಲಿದು ಕಟ್ಟಿದಾಕಿ ನಾನು."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಬಾಯಿಯಿಂದ ಎಂಡೋಸ್ಕೋಪಿ ಇಳಿಸಿ ನಾಳದೊಳಗೆ ಸ್ಟೆಂಟ್ ಹಾಕಿದರು. ಹೊಟ್ಟೆಯಲ್ಲಿ ನಿಂತ ಪಿತ್ತ ತೆಗೆದರು. ಹನ್ನೊಂದು ದಿನ ಕಾದೆವು. ನನ್ನ ಲಿವರು ಅವನಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದಕ್ಕಿಂತ, ಉಳಿಯದಿದ್ದರೆ ಅವ್ವನ ಮುಖ ಹೇಗೆ ನೋಡಲಿ ಎಂಬುದೇ ನನ್ನನ್ನು ತಿಂದಿತು.

ಸೋರುವುದು ನಿಂತಿತು.

"ನಿನ್ನ ಲಿವರಿಗೆ ನೀನೇ ಅಳತಿ ತಪ್ಪಿದಿ ನೋಡಕ್ಕ" ಎಂದು ಕೊಟ್ರೇಶ ಚೇಷ್ಟೆ ಮಾಡಿದ. ನಕ್ಕೆ. ಗಾಯ ನೋಯಿತು. ಆಮೇಲೆ ಅತ್ತೆ.

ಈಗ ಅವನು ತನ್ನ ರಿಪೇರಿ ಅಂಗಡಿಗೆ ಹೋಗಿ ಕೂರುತ್ತಾನೆ. ನಾಳ ಕಿರಿದಾಗುವ ಭಯ ಇದ್ದೇ ಇದೆ. ಮೂರು ತಿಂಗಳಿಗೊಮ್ಮೆ ಸ್ಟೆಂಟ್ ಬದಲಿಸಬೇಕು. ಅವ್ವ ಆ ಪಟ್ಟಿಯ ಮಾತೆತ್ತುವುದಿಲ್ಲ. ಬೆಳಿಗ್ಗೆ ಮಗನನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ ನನ್ನನ್ನು ಕರೆಯುತ್ತಾಳೆ. "ನೀನೇ ನೋಡವ್ವ, ನಿನಗ ಬಣ್ಣ ಗೊತ್ತಾಗತೈತಿ" ಎನ್ನುತ್ತಾಳೆ. ಇಷ್ಟಾದರೂ ನನ್ನನ್ನೇ ಕರೆಯುತ್ತಾಳೆ. ನಾನು ಬಿಳಿ ದಾರದ ರೀಲನ್ನು ಅವನ ಕಣ್ಣಿನ ಪಕ್ಕ ಹಿಡಿದು ನೋಡುತ್ತೇನೆ.

ಇವತ್ತು ಹೊಂದಿತು. ನಾಳೆ ಮತ್ತೆ ನೋಡಬೇಕು.