ಮೈಕಿನ ಹಿಂದಿನ ಮುಖ

ಮದುವೆ ಫೋಟೋ ತೆಗೆಯುವವನಿಗೆ ಇರುವ ಸೊಕ್ಕು ತಹಸೀಲ್ದಾರರಿಗೂ ಇರುವುದಿಲ್ಲ. ಹುಣಸೂರಿನ ಬಸ್ ನಿಲ್ದಾಣದ ಹಿಂದೆ ಸ್ಟುಡಿಯೋ ಇಟ್ಟುಕೊಂಡಿದ್ದ ನಾನು ಧಾರೆಯ ಹೊತ್ತಿನಲ್ಲಿ ಕೈ ಎತ್ತಿದರೆ ಪುರೋಹಿತರೂ ಮಂತ್ರ ನಿಲ್ಲಿಸುತ್ತಿದ್ದರು. ತಾಳಿ ಕಟ್ಟಲು ಬಗ್ಗಿದ ಗಂಡುಗಳನ್ನು 'ಹಾಗೇ ಇರಿ, ಇಲ್ಲಿ ನೋಡಿ' ಎಂದು ತಡೆದ ಕೈ ಇದು. ಅದೇ ಕೈಯನ್ನು ಜನಪದ ಸಂಗೀತ ಮೇಳಕ್ಕೂ ತೆಗೆದುಕೊಂಡು ಹೋದೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಕಾಲೇಜು ಮೈದಾನದ ತುಂಬಾ ಜನ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದೆಲ್ಲ ತಂಡಗಳು ಬಂದಿದ್ದವು. ಸಂಘಟಕರು ತಮ್ಮವರಿಗೆ ಕೊಟ್ಟಂಥದೇ ಹಳದಿ ಬ್ಯಾಡ್ಜನ್ನು ನನಗೂ ಕೊಟ್ಟರು. ಎಲ್ಲರಿಗೂ ಕಾಣಲಿ ಎಂದು ಅಂಗಿಯ ನಡುಮಧ್ಯಕ್ಕೇ ಚುಚ್ಚಿಕೊಂಡೆ. ವೇದಿಕೆಯ ಹಿಂದೆ ನಿರೂಪಕರು ಪ್ರತಿ ತಂಡಕ್ಕೂ ಹೇಳುತ್ತಿದ್ದರು: "ಬ್ಯಾಡ್ಜ್ ಆಕ್ಕಂಡಿರೋರು ಕೈ ಸನ್ನೆ ಮಾಡ್ತಿದ್ದಂಗೆ ನಿಲ್ಲಿಸ್ಬುಡಬೇಕು ಕಣ್ರವ್ವ. ಇನ್ನೂ ಬೇಕಾದಷ್ಟು ಜನ ಕಾಯ್ತಾವ್ರೆ." ನಾನೂ ಕೇಳಿಸಿಕೊಂಡೆ. ನನಗೆ ಸಂಬಂಧಪಟ್ಟದ್ದಲ್ಲವೆಂದು ಫಿಲ್ಮ್ ತುಂಬುತ್ತಾ ನಿಂತೆ.

ಕಾಕನಕೋಟೆ ಕಡೆಯ ಕಾಡಂಚಿನ ಗಿರಿಜನರ ಹಾಡಿಯಿಂದ ಬಂದ ಹೆಂಗಸರು ವೇದಿಕೆ ಹತ್ತಿದರು. ಮುಂದೆ ನಿಂತಾಕೆ ನನ್ನ ಅವ್ವನ ವಯಸ್ಸಿನವರು. ಮೈಕ್ ಹಿಡಿದದ್ದು ಅದೇ ಮೊದಲೆಂದು ಹಿಡಿದ ರೀತಿಯಲ್ಲೇ ತಿಳಿಯುತ್ತಿತ್ತು. ಕಾಡಿಗೆ ಹೋದ ತಮ್ಮನನ್ನು ಹುಡುಕಿಕೊಂಡು ಹೊರಟ ಅಕ್ಕನ ಹಾಡು. ಶಿಳ್ಳೆ ಹಾಕುತ್ತಿದ್ದ ಹುಡುಗರೂ ತೆಪ್ಪಗಾದರು. ತಮ್ಮ ಸಿಕ್ಕಿದನೋ ಇಲ್ಲವೋ ಎಂಬುದು ಎಲ್ಲರ ಚಿಂತೆ. ಮೈಕ್ ಆಕೆಯ ಮೂಗಿನಿಂದ ಗದ್ದದವರೆಗೆ ಮುಚ್ಚಿಬಿಟ್ಟಿದೆ ಎಂಬುದು ನನ್ನ ಚಿಂತೆ. ವೇದಿಕೆಯ ಅಂಚಿಗೆ ಹೋಗಿ, ಸ್ವಲ್ಪ ಇಳಿಸಿ ಎಂದು ಅಂಗೈಯನ್ನು ಕೆಳಗೆ ಒತ್ತಿ ತೋರಿಸಿದೆ.

ಆಕೆ ಬ್ಯಾಡ್ಜ್ ನೋಡಿದರು, ಕೈ ನೋಡಿದರು, ಹಾಡು ನಿಲ್ಲಿಸಿಬಿಟ್ಟರು. ಹಿಂದಿನವರು ಅರ್ಧ ಸಾಲು ಮುಂದೆ ಹೋಗಿ ತಡವರಿಸಿದರು. ಆಕೆ ಮೈಕನ್ನು ಪಕ್ಕದವರ ಕೈಗೆ ಕೊಟ್ಟು ಜನಕ್ಕೆ ಕೈ ಮುಗಿದರು. ಮುಖ ಈಗ ಪೂರ್ತಿ ಕಾಣುತ್ತಿತ್ತು. ನನ್ನ ನಾಚಿಕೆಗೆಟ್ಟ ಬೆರಳು ಗುಂಡಿ ಒತ್ತಿಯೇ ಬಿಟ್ಟಿತು.

ಆಮೇಲೆ ಎಚ್ಚರವಾಯಿತು. ಓಡಿಹೋಗಿ ನಿರೂಪಕರಿಗೆ ಹೇಳಿದೆ. "ಮುಂದಿನೋರು ಆಗ್ಲೇ ನಿಂತವ್ರಲ್ಲಪ್ಪಾ, ಮತ್ತೆ ಹತ್ತಿಸಕ್ಕಾಯ್ತದಾ? ಬುಡು" ಎಂದರು. ನನ್ನ ಬ್ಯಾಡ್ಜಿಗೆ ಹಾಡು ನಿಲ್ಲಿಸುವ ತಾಕತ್ತಿತ್ತೇ ಹೊರತು ಮತ್ತೆ ಹಾಡಿಸುವ ತಾಕತ್ತಿರಲಿಲ್ಲ.

ವೇದಿಕೆಯ ಹಿಂದೆ ಆಕೆ ನೀರು ಕುಡಿಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ನಮ್ದು ಉದ್ದ ಆಯ್ತೇನೋ ಸಾಮಿ. ತಮ್ಮ ಸಿಕ್ಕೋದು ಕೊನೇಲಿ" ಎಂದರು.

"ಇಲ್ಲ ಕಣವ್ವ, ನಾನು ಮೈಕ್ ಇಳಿಸಿ ಅಂದಿದ್ದು. ಪಟಕ್ಕೆ."

ಹೇಳುವಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ಬೈಯಲಿಲ್ಲ, 'ಓ' ಎಂದು ಲೋಟ ಕೆಳಗಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಫಿಲ್ಮ್ ತೊಳೆದು ನೋಡಿದರೆ ಇಡೀ ಮೇಳದಲ್ಲಿ ಆ ಪಟದಷ್ಟು ಚೆನ್ನಾಗಿ ಇನ್ನೊಂದು ಬಂದಿರಲಿಲ್ಲ. ದೊಡ್ಡದು ಮಾಡಿಸಿ, ವಿಚಾರಿಸಿಕೊಂಡು, ಆಕೆಯ ಮನೆಯವರೆಗೂ ಹೋಗಿ ಕೊಟ್ಟೆ. ಕೊಟ್ಟರೆ ನನ್ನ ಮನಸ್ಸು ಹಗುರಾದೀತು ಎಂಬ ಆಸೆ. ಆಕೆ ಬಿಸಿಲಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಚೆಂದಾಗದೆ ಸಾಮಿ. ಬಾಯಿ ಮುಚ್ಚಿಸ್ಬುಟ್ಟು ತೆಗೆದಿದ್ದೀರಲ್ಲ, ಅದ್ಕೇ ಮೊಕ ನೆಟ್ಟಗೆ ಬಂದದೆ."