ಹಿಂದಿನ ದೀಪದೊಳಗೆ ನೀರು

ಆಗಿನ ದಿನಗಳಲ್ಲಿ ಮಾನ್ವಿಯಲ್ಲಿ ನೀರು ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ನಾನು ಸಂಕೋಚವಿಲ್ಲದೆ ನನ್ನ ಕಾರಿನ ಹಿಂಭಾಗವನ್ನು ತೋರಿಸುತ್ತಿದ್ದೆ. ಬೇಸಿಗೆ ಬಂತೆಂದರೆ ಬಾವಿಯ ತಳ ಕಾಣುತ್ತಿತ್ತು, ನಲ್ಲಿ ತಿರುಗಿಸಿದರೆ ಬರೀ ಗಾಳಿ ಬುಸುಗುಟ್ಟುತ್ತಿತ್ತು. ಅಂಥ ಊರಿನಲ್ಲಿ ನನ್ನ ಕಾರಿನ ಎರಡೂ ಹಿಂದಿನ ದೀಪಗಳು ಹನ್ನೆರಡು ತಿಂಗಳೂ ತುಂಬಿಕೊಂಡಿದ್ದವು. ಕೆಂಪು ಗಾಜಿನ ಒಳಗೆ ಆ ನೀರು ಉರುಸಿನಲ್ಲಿ ಮಾರುವ ಶರಬತ್ತಿನಂತೆ ಕಾಣುತ್ತಿತ್ತು. ಕಾರು ಹೊರಟರೆ ಒಳಗೆ ಸಣ್ಣ ಅಲೆ ಏಳುತ್ತಿತ್ತು, ನಿಂತರೆ ಅದೂ ನಿಲ್ಲುತ್ತಿತ್ತು. ಮೀನು ಬಿಡುವುದೊಂದು ಬಾಕಿ ಎಂದು ನಮ್ಮಣ್ಣ ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ನಮ್ಮದು ಅಕ್ಕಿ ಗಿರಣಿ. ಅಣ್ಣ ಗಿರಣಿ ನೋಡಿಕೊಳ್ಳುತ್ತಿದ್ದ. ಕುರ್ಡಿ, ಬಾಗಲವಾಡ, ಕಲ್ಲೂರು, ದೇವದುರ್ಗ ಎಂದು ತಿರುಗಿ, ರೈತರ ಕಣದಲ್ಲಿ ಕೂತು, ಭತ್ತವನ್ನು ಅಂಗೈಯಲ್ಲಿ ಉಜ್ಜಿ ನೋಡಿ ಬರುವ ಕೆಲಸ ನನ್ನದು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಈ ತಿರುಗಾಟಕ್ಕೆಂದು ರಾಯಚೂರಿನ ಡಾಕ್ಟರೊಬ್ಬರು ಬಳಸಿ ಬಿಟ್ಟಿದ್ದ ಕಾರನ್ನು ತಂದೆವು. ಅದನ್ನು ಮಾಡಿದ ಕಂಪನಿಯ ಹೆಸರು ಹೇಳುವುದಿಲ್ಲ; ತಪ್ಪು ಅದರದಲ್ಲ. ಕಾರು ಬಂದ ಮೇಲೆ ನನ್ನ ನಡಿಗೆಯೇ ಬದಲಾಯಿತೆಂದು ಹೆಂಡತಿ ಹೇಳುತ್ತಿದ್ದಳು. ಬೆಳಿಗ್ಗೆ ಎದ್ದವನೇ ಹಳೆಯ ಧೋತರದ ತುಂಡು ಹಿಡಿದು ಮುಂದಿನ ಗಾಜು, ಮುಂದಿನ ದೀಪ, ಮುಂದಿನ ಬಂಪರು ಎಲ್ಲ ಮಿರಿಮಿರಿ ಮಿಂಚುವಂತೆ ಒರೆಸುತ್ತಿದ್ದೆ. ಅಷ್ಟರಲ್ಲಿ ತೋಳು ಸೋತು ಚಹಾದ ನೆನಪಾಗುತ್ತಿತ್ತು. ಕಾರಿಗೂ ಒಂದು ಬೆನ್ನಿದೆ ಎಂಬುದು ನನಗೆ ಹೊಳೆದಿದ್ದೇ ಬಹಳ ತಡವಾಗಿ.

ನೀರು ಕಂಡಾಗ ನಾನು ಮೊದಲು ಅನುಮಾನಪಟ್ಟಿದ್ದು ಮಳೆಯನ್ನು. ನಮ್ಮ ಕಡೆ ಮಳೆಯ ಮೇಲೆ ಅನುಮಾನಪಡುವುದೆಂದರೆ ಊರಲ್ಲೇ ಇಲ್ಲದವನ ಮೇಲೆ ಕಳ್ಳತನ ಹೊರಿಸಿದ ಹಾಗೆ. ಆದರೂ ಕಾರಿಗೊಂದು ಚಪ್ಪರ ಹಾಕಿಸಿದೆ. ಚಪ್ಪರದ ಕೆಳಗೆ ಕಾರು ತಣ್ಣಗೆ ನಿಂತಿತು, ದೀಪದೊಳಗಿನ ನೀರೂ ತಣ್ಣಗೆ ನಿಂತಿತು.

ಕೊನೆಗೆ ರಾಯಚೂರಿಗೆ ಒಯ್ದೆ. ತೀನ್ ಕಂದೀಲ್ ಚೌಕದ ಹತ್ತಿರದ ಗಲ್ಲಿಯಲ್ಲಿ ಖಾಜಾಸಾಬ್ ಎಂಬ ಮೆಕ್ಯಾನಿಕ್ ಇದ್ದರು. ವಯಸ್ಸಾದವರು. ಕಾರಿನ ಮೈ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಹಕೀಮರು ನಾಡಿ ನೋಡುವಂತೆ ಒಂದು ಗಳಿಗೆ ನಿಲ್ಲದೆ ಬೋಲ್ಟು ಬಿಚ್ಚುವ ಪಾನ ಹಿಡಿಯುತ್ತಿರಲಿಲ್ಲ. ದೀಪದ ಕೆಳಗಿನ ಅಂಚಿನಲ್ಲಿ ಹನಿ ತೊಟ್ಟಿಕ್ಕಿದ ಕಲೆ ನೋಡಿ, ಸೋರುವ ಜಾಗ ಇದೇ ಎಂದು ಅಲ್ಲಿ ಹೊಸ ರಬ್ಬರು ಕೂಡಿಸಿ, ಮೇಲೆ ಮೇಣ ಮೆತ್ತಿ ಕಳಿಸಿದರು. ಅಲ್ಲಿಯವರೆಗೆ ಅಷ್ಟಿಷ್ಟು ಹೊರಗೆ ಹೋಗುತ್ತಿದ್ದ ನೀರು ಆಮೇಲೆ ಹೋಗುವುದನ್ನೇ ಬಿಟ್ಟಿತು. ಎರಡನೇ ಸಲ ಮೇಲಿನ ಅಂಚಿಗೂ ರಬ್ಬರು ಹಾಕಿದರು. ನಮ್ಮ ಬಿಸಿಲಿಗೆ ಅದು ತಿಂಗಳೊಳಗೆ ಹಪ್ಪಳವಾಗಿ ಬಿರಿಯಿತು. ಮೇಲಿನಿಂದ ನೀರು ಬಂತು, ಕೆಳಗಿನ ರಬ್ಬರು ಅದನ್ನು ಭದ್ರವಾಗಿ ಕಾಪಾಡಿತು.

ಹಿಂತಿರುಗುವಾಗ ರಾಯಚೂರಿನ ಕೋಟೆಯ ಕಂದಕ ನೋಡುತ್ತ ಯೋಚಿಸಿದೆ. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ. ನಡುವಿನ ಈ ನೆಲಕ್ಕಾಗಿ ಎಷ್ಟು ರಾಜರು ಹೊಡೆದಾಡಿದರೋ ಲೆಕ್ಕವಿಲ್ಲ. ಶತ್ರು ಒಳಗೆ ಬರದಿರಲೆಂದು ಅವರು ಕಂದಕ ತೋಡಿ ನೀರು ನಿಲ್ಲಿಸಿದರು. ನಾನು ಯಾವ ಶತ್ರುವೂ ಇಲ್ಲದೆ ಎರಡು ಕಂದಕ ಹೊತ್ತು ತಿರುಗುತ್ತಿದ್ದೆ. ರಾಜರಿಗೆ ನೀರು ನಿಲ್ಲಿಸುವುದು ಕಷ್ಟವಾಗಿತ್ತಂತೆ, ನನಗೆ ತೆಗೆಯುವುದು ಕಷ್ಟವಾಗಿತ್ತು.

ಇಷ್ಟಾದರೂ ಅದೊಂದು ತಮಾಷೆಯಾಗಿಯೇ ಇತ್ತು, ದೇವದುರ್ಗದ ರಸ್ತೆಯ ಆ ಸಂಜೆಯವರೆಗೆ. ಹೊತ್ತು ಮುಳುಗಿ ಕಣ್ಣಿಗೆ ಮಬ್ಬು ಕವಿಯುವ ಸಮಯ. ಎದುರಿಗೆ ಕುರಿಮಂದೆ ಬಂತೆಂದು ಕಾರು ನಿಲ್ಲಿಸಿದೆ. ಹಿಂದೆ ಟೈರು ಕಿರುಗುಟ್ಟಿದ ಸದ್ದು. ತಿರುಗಿ ನೋಡಿದರೆ ಭತ್ತದ ಚೀಲ ಹೇರಿದ ಲಾರಿ ನನ್ನ ಕಾರಿಗೆ ಒಂದು ಗೇಣು ಹಿಂದೆ ನಿಂತಿತ್ತು. ಚಾಲಕ ಇಳಿದು ಬಂದ. ಬೈಯುತ್ತಾನೆಂದುಕೊಂಡೆ, ಪಾಪ, ಬೈಯಲೂ ಅವನಿಗೆ ಶಕ್ತಿಯಿರಲಿಲ್ಲ. ಆರಿಹೋಗಿದ್ದ ದೀಪದೊಳಗಿನ ನೀರನ್ನು ಬಗ್ಗಿ ನೋಡಿ, ಮನೆಯಲ್ಲಿ ಮಕ್ಕಳಿದ್ದಾರೇನೆಂದು ಕೇಳಿದ. ಇದ್ದಾರೆಂದೆ. ಹಾಗಾದರೆ ಇದನ್ನು ಮೊದಲು ಸರಿ ಮಾಡಿಸಿರೆಂದು ಹೇಳಿ ಹೋದ. ಮಾನ್ವಿ ಮುಟ್ಟುವವರೆಗೂ ಹಿಂದೆ ಸದ್ದಾದಾಗಲೆಲ್ಲ ಕಾರನ್ನು ರಸ್ತೆಯ ಪಕ್ಕಕ್ಕೆ ಇಳಿಸುತ್ತ ಬಂದೆ.

ಮನೆಯಲ್ಲಿ ಬಾಯಿ ಬಿಡಬಾರದೆಂದಿದ್ದೆ. ಆದರೆ ಕುರಿ ಕಾಯುವವರು ನಮ್ಮ ಪರಿಚಯದವರು. ನಾನು ಊಟಕ್ಕೆ ಕೂರುವ ಮೊದಲೇ ಸುದ್ದಿ ಮನೆ ಸೇರಿತ್ತು. ಬಡಿಸುವಾಗ ಅವ್ವ, ಬೇಡವೆಂದರೂ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಸೋಮವಾರ. ನಿದ್ದೆ ಬಾರದೆ ನಸುಕಿನಲ್ಲೇ ಎದ್ದು ಅಂಗಳಕ್ಕೆ ಬಂದೆ. ಅವ್ವ ಮಿಂದು, ವಿಭೂತಿ ಹಚ್ಚಿಕೊಂಡು, ಕಾರಿನ ಹಿಂದೆ ನಿಂತಿದ್ದಳು. ಎರಡೂ ಕೆಂಪು ದೀಪಗಳಿಗೆ ಅರಿಶಿನ ಕುಂಕುಮ ಹಚ್ಚಿದಳು. ಆಮೇಲೆ ತಾಮ್ರದ ತಂಬಿಗೆ ಎತ್ತಿ, ಒಂದು ಹನಿಯೂ ಆಚೆ ಬೀಳದಂತೆ, ದೀಪದ ನೆತ್ತಿಯ ಮೇಲೆ ನಿಧಾನವಾಗಿ ನೀರೆರೆದಳು. ಹಿಂದಿನ ದಿನದ ಸುದ್ದಿಯಿಂದಾಗಿ ಅಂದು ಸೋಮವಾರದ ಎಂದಿನ ಒಂದು ತಂಬಿಗೆಯಲ್ಲ, ಎರಡೆರಡು.

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಆ ಕುಂಕುಮವನ್ನು ನಾನು ಕಾಣದೆ ಇರಲಿಲ್ಲ. ಪ್ರತಿ ವಾರ ಕಂಡಿದ್ದೆ, ಮನೆಯ ಹೊಸ್ತಿಲ ಕುಂಕುಮ ಕಂಡ ಹಾಗೆ, ಅಂದರೆ ಕಂಡೂ ಕಾಣದ ಹಾಗೆ.

ಅವ್ವನ ಲೆಕ್ಕ ಸರಿಯಾಗಿಯೇ ಇತ್ತು. ಆಕಳ ಪೂಜೆಯನ್ನು ಹಿಂದಿನಿಂದ ಮಾಡುವುದು ನಮ್ಮಲ್ಲಿ ರೂಢಿ. ದೇವತೆಗಳೆಲ್ಲ ಆಕಳ ಮೈಯಲ್ಲಿ ಜಾಗ ಹಿಡಿದು ಕೂತ ಮೇಲೆ ಲಕ್ಷ್ಮಿ ತಡವಾಗಿ ಬಂದಳಂತೆ. ದೇವದುರ್ಗದ ಬಸ್ಸಿಗೆ ಕೊನೆಗೆ ಹತ್ತಿದವರ ಹಾಗೆ, ಉಳಿದಿದ್ದ ಹಿಂದಿನ ಜಾಗದಲ್ಲೇ ಕೂತಳಂತೆ. ಆಕಳಿಗೆ ಹಿಂದೆ ನೀರೆರೆದು ಅರವತ್ತು ವರ್ಷ ರೂಢಿಯಾದ ಕೈ, ಅಂಗಳಕ್ಕೆ ಬಂದ ಹೊಸ ಪ್ರಾಣಿಗೂ ಅಲ್ಲೇ ಎರೆಯಿತು. ಕಾರಿನ ಮುಂದೆ ತೆಂಗಿನಕಾಯಿ ಒಡೆಯುವ ಜಗತ್ತಿನಲ್ಲಿ ಹಿಂದೆ ಹೋಗಿ ನಿಂತವಳು ಅವಳೊಬ್ಬಳೇ ಇರಬೇಕು.

ಹಿಂದೆ ಏಕೆ ಎಂದು ಸುಮ್ಮನೆ ಕೇಳಿದೆ. ಆಕಳ ಮಾತು ಬರುತ್ತದೆ ಎಂದುಕೊಂಡಿದ್ದೆ.

“ಮುಂದಿಂದು ನೀ ನೋಡ್ತಿ. ಹಿಂದಿಂದು ಯಾರು ನೋಡ್ಬೇಕೋ?” ಎಂದಳು ಅವ್ವ. “ನಿಮ್ಮಪ್ಪಗ ಬಂದದ್ದೂ ಹಿಂದ್ಲಿಂದನ ಅಲ್ಲೇನು.”

ನಾನು ಚಿಕ್ಕವನಿದ್ದಾಗ ಒಂದು ರಾತ್ರಿ ಅಪ್ಪ ಕಲ್ಲೂರಿನಿಂದ ಬಂಡಿಯಲ್ಲಿ ಬರುತ್ತಿದ್ದ. ಬಂಡಿಯ ಕೆಳಗೆ ಕಟ್ಟಿದ ಕಂದೀಲು ಗಾಳಿಗೆ ಆರಿತ್ತು. ಹಿಂದಿನಿಂದ ಲಾರಿ ಬಂದು ತಾಗಿತು. ಒಂದು ಎತ್ತು ಹೋಯಿತು. ಅಪ್ಪ ಬದುಕಿದ, ಆದರೆ ಇರುವವರೆಗೂ ಬಲಗಾಲು ಎಳೆದೇ ನಡೆದ.

ಈಗ ನನ್ನ ಪಾಡು ನೋಡಿ. ಮಗನ ಬೆನ್ನು ಕಾಯಲೆಂದು ಅವಳು ಎರೆದ ನೀರೇ ಮಗನ ಬೆನ್ನಿನ ದೀಪ ಆರಿಸುತ್ತಿತ್ತು. ಸುಮ್ಮನಿದ್ದರೆ ಇನ್ನೊಂದು ಲಾರಿ ಒಂದು ಗೇಣು ಹಿಂದೆ ನಿಲ್ಲುತ್ತದೆಂಬ ಭರವಸೆಯಿಲ್ಲ. ಹೇಳಿದರೆ, ಇಷ್ಟು ದಿನ ತಾನು ಕೈಯಾರೆ ಏನು ಮಾಡುತ್ತಿದ್ದೆನೆಂದು ತಿಳಿದು ಆ ಜೀವ ಮತ್ತೆಂದೂ ನೆಮ್ಮದಿಯಿಂದ ತಂಬಿಗೆ ಹಿಡಿಯಲಾರದು. ನನಗೆ ಅವ್ವನೂ ಬೇಕಾಗಿತ್ತು, ದೀಪವೂ ಬೇಕಾಗಿತ್ತು.

ಮತ್ತೆ ಖಾಜಾಸಾಬರ ಬಳಿ ಹೋಗಿ ಎಲ್ಲ ಹೇಳಿಕೊಂಡೆ. ಅವರು ಪಾನ ಪಕ್ಕಕ್ಕಿಟ್ಟು ಬಹಳ ಹೊತ್ತು ದೀಪ ನೋಡಿದರು.

“ಅಮ್ಮಾರಿಗೆ ಬ್ಯಾಡ ಅನಬ್ಯಾಡ್ರಿ ಸಾವ್ಕಾರ್ರ,” ಎಂದರು. “ನೀರು ಬರ್ಲಿ. ಅದು ಹೋಗಾಕ ಒಂದ್ ದಾರಿ ಮಾಡೋಣು.”

ಕೆಳಗಿನ ರಬ್ಬರನ್ನು ತಾವೇ ಕಿತ್ತು, ಎರಡೂ ದೀಪದ ತಳಕ್ಕೆ ಸಣ್ಣ ತೂತು ಕೊರೆದರು. ಬಲ್ಬನ್ನು ಎರಡು ಬೆರಳು ಮೇಲೆ ಕೂಡಿಸಿ, ಅದರ ನೆತ್ತಿಗೆ ತಗಡಿನ ಸಣ್ಣ ಮಾಡು ಕಟ್ಟಿದರು. ಇಷ್ಟು ದಿನ ನೀರು ತಡೆಯಲು ಪಟ್ಟ ಪಾಡಿನ ಮುಂದೆ ಅದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಮೊದಲೇ ಏಕೆ ಹೊಳೆಯಲಿಲ್ಲವೆಂದು ಕೇಳಿದೆ. ಮೊದಲು ಯಾರ ನೀರೆಂದು ಗೊತ್ತಿರಲಿಲ್ಲವಲ್ಲ ಎಂದರು.

ಮುಂದಿನ ಸೋಮವಾರ ನಸುಕಿನಲ್ಲಿ ನಾನು ಹಲ್ಲುಜ್ಜುವ ನೆಪದಲ್ಲಿ ಅಂಗಳದಲ್ಲೇ ಇದ್ದೆ. ಅವ್ವ ಎರೆದಳು. ಎರೆದ ನೀರು ದೀಪದ ಒಳಗಿಳಿದು, ಕೆಳಗೆ ತೊಟತೊಟ ಬೀಳತೊಡಗಿತು. ಅವಳು ಬಗ್ಗಿ ನೋಡಿದಳು. ಬೆರಳಿನಿಂದ ತೂತು ಮುಟ್ಟಿದಳು. ಮೇಲೆ ನೋಡಿದಳು, ಕೆಳಗೆ ನೋಡಿದಳು. ಅಕ್ಷರ ಕಲಿಯದವಳು, ಆದರೆ ನೀರಿನ ದಾರಿ ಅವಳಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ.

“ಹಂಗಾರ ಇಷ್ಟ್ ದಿನ ನಾನ ಆರಿಸ್ತಿದ್ನೇನು?”

“ಇಲ್ಲ ಯವ್ವಾ, ರಬ್ಬರು ಹಳೇದಾಗಿತ್ತು,” ಎಂದೆ.

ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ದೀಪದ ಗಾಜು ಒರೆಸಿದಳು.

“ಸುಳ್ಳು ಹೇಳಾಕ ನಿನಗ ಬರಂಗಿಲ್ಲ. ಒಳಗ ಕುಂಡ್ರು, ದೀಪ ಹಚ್ಚು.”

ಕೂತು ಗುಂಡಿ ಒತ್ತಿದೆ. ಕಾರು ಓಡಿಸುವವನಿಗೆ ತನ್ನ ಮುಂದಿನ ಬೆಳಕೆಲ್ಲ ಕಾಣುತ್ತದೆ. ಹಿಂದಿನ ದೀಪ ಹತ್ತಿದೆಯೋ ಇಲ್ಲವೋ ಎಂಬುದು ಮಾತ್ರ ಅವನಿಗೆ ತಿಳಿಯುವುದಿಲ್ಲ. ಅದಕ್ಕೆ ಯಾರಾದರೂ ಹಿಂದೆ ನಿಂತು ಹೇಳಬೇಕು. ಕನ್ನಡಿಯಲ್ಲಿ ನೋಡಿದೆ. ದೀಪ ಕಾಣಲಿಲ್ಲ. ಖಾಲಿ ತಂಬಿಗೆ ಹಿಡಿದು ನಿಂತ ಅವ್ವ ಕಂಡಳು, ನಸುಕಿನ ಮಬ್ಬಿನಲ್ಲಿ ಅವಳ ಬಿಳಿ ಸೀರೆಯ ಅಂಚು ಕೆಂಪಾಗಿತ್ತು.

“ಎರಡೂ ಉರಿಯಾಕತ್ತಾವ,” ಎಂದಳು. “ಹೋಗಿ ಬಾ.”